ಎಲುಬಿನ ವೈದ್ಯ ಹ್ಯೂ ಓವೆನ್ ಥಾಮಸ್



ಮಳೆಗಾಲದಲ್ಲಿ ನೀವು ಅಡಿಕೆ ತೋಟಕ್ಕೆ ಹೋದುದುಂಟೆ? ಕೊಳೆರೋಗ ಬಾರದಂತೆ ಮದ್ದು ಬಿಡುವವರು ಕಾಲಿಗೆ ತಳೆ ಸಿಕ್ಕಿಸಿಕೊಂಡು ಸರಸರನೆ ಮರವೇರುವುದನ್ನು ನೋಡಿರಬಹುದು. ಮಳೆಯಲ್ಲಿ ನೆನೆದು ಪಾಚಿ ಹಿಡಿದ ಮರ ಬಹಳ ಜಾರುತ್ತದೆ. ಎಷ್ಟು ಪಳಗಿದವರಾದರೂ ಒಮ್ಮೊಮ್ಮೆ ಬೀಳುವುದುಂಟು. ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ತೆಂಗಿನ ಮರ, ಕೆಂಪುಕಲ್ಲಿನ ಕೋರೆ, ತಿರುವುಗಳ ರಸ್ತೆ, ಶಾಲೆಯ ಆಟದ ಬಯಲು ಹೀಗೆ ಬಿದ್ದು ಪೆಟ್ಟಾಗುವ ಜಾಗಗಳು ಹಲವು.

ಬಿದ್ದವರ ಕಾಲಿನ ಎಲುಬು ಮುರಿದರೆ ಸುತ್ತಲಿನವರು ಏನು ಮಾಡುತ್ತಾರೆ? ಗಾಬರಿಯಿಂದ ಓಡಿ ಬರುತ್ತಾರೆ. ಇಬ್ಬರು ತೋಳು ಹಿಡಿದು, ಇಬ್ಬರು ಕಾಲು ಹಿಡಿದು ಎತ್ತುತ್ತಾರೆ. ರಿಕ್ಷಾದಲ್ಲೋ ಜೀಪಿನಲ್ಲೋ ಕುಳ್ಳಿರಿಸಿ ಆಸ್ಪತ್ರೆಗೆ ಧಾವಿಸುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಹಾಗೆ ಎತ್ತುವಾಗ, ಗಾಡಿ ಕುಲುಕುವಾಗ, ಮುರಿದ ಎಲುಬಿನ ಚೂಪಾದ ತುದಿಗಳು ಒಳಗೆ ಅಲುಗುತ್ತವೆ. ಮಾಂಸವನ್ನೂ ರಕ್ತನಾಳಗಳನ್ನೂ ಹರಿಯುತ್ತವೆ. ಬಿದ್ದಾಗ ಆದ ಗಾಯಕ್ಕಿಂತ ದಾರಿಯಲ್ಲಿ ಆದ ಗಾಯವೇ ದೊಡ್ಡದಾಗಬಹುದು.

ಮುರಿದ ಎಲುಬು ಮೊದಲು ಅಲುಗದೆ ನಿಲ್ಲಬೇಕು. ಸಾಗಿಸುವುದು ಆ ಮೇಲೆ. ಇಂದು ಇದು ಎಲ್ಲ ವೈದ್ಯರಿಗೂ ಗೊತ್ತಿರುವ ಪಾಠ. ಈ ಪಾಠಕ್ಕೆ ಬುನಾದಿ ಹಾಕಿದವರಲ್ಲಿ ಮುಖ್ಯರು ಹ್ಯೂ ಓವೆನ್ ಥಾಮಸ್. ಅವರ ಜೀವನದ ಕತೆಯನ್ನು ಓದೋಣ ಬನ್ನಿ.

ಇಂಗ್ಲೆಂಡಿನ ಪಶ್ಚಿಮಕ್ಕೆ ವೇಲ್ಸ್ ಎಂಬ ನಾಡಿದೆ. ಅಲ್ಲಿನ ಜನರಿಗೆ ತಮ್ಮದೇ ಆದ ಭಾಷೆಯಿದೆ. ವೇಲ್ಸಿನ ವಾಯವ್ಯ ಮೂಲೆಯಲ್ಲಿ ಆಂಗಲ್ಸೀ ಎಂಬ ದ್ವೀಪವಿದೆ. ಆ ದ್ವೀಪದಲ್ಲಿ 1834ರ ಆಗಸ್ಟ್ 23ರಂದು ಹ್ಯೂ ಜನಿಸಿದನು. ಅವನ ಮನೆತನದವರು ಎಲುಬು ಕೂಡಿಸುವುದರಲ್ಲಿ ಹೆಸರಾದವರು. ಈ ವಿದ್ಯೆ ಮನೆಗೆ ಬಂದ ಬಗೆಗೆ ಆ ಊರಿನಲ್ಲಿ ಒಂದು ಕತೆ ಹೇಳುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಒಮ್ಮೆ ದ್ವೀಪದ ಬಳಿ ಹಡಗೊಂದು ಒಡೆಯಿತಂತೆ. ಸಣ್ಣ ಬಾಲಕನೊಬ್ಬ ಬದುಕಿ ದಡ ಸೇರಿದನಂತೆ. ಅವನ ಮಾತು ಅಲ್ಲಿನ ಯಾರಿಗೂ ತಿಳಿಯಲಿಲ್ಲ. ಅವನು ಯಾವ ದೇಶದವನೆಂದೂ ಗೊತ್ತಾಗಲಿಲ್ಲ. ದ್ವೀಪದವರೇ ಅವನಿಗೆ ಹೆಸರಿಟ್ಟು ಸಾಕಿದರು. ಆ ಬಾಲಕ ಹಕ್ಕಿಗಳ ಮತ್ತು ಸಾಕುಪ್ರಾಣಿಗಳ ಮುರಿದ ಎಲುಬುಗಳನ್ನು ಜಾಣ್ಮೆಯಿಂದ ಕೂಡಿಸುತ್ತಿದ್ದನಂತೆ. ಮುಂದೆ ಮನುಷ್ಯರ ಎಲುಬುಗಳನ್ನೂ ಕೂಡಿಸತೊಡಗಿದನು. ಅವನೇ ಹ್ಯೂವಿನ ಮುತ್ತಜ್ಜ.

ನಮ್ಮ ನಾಡಿನಲ್ಲಿಯೂ ಇಂತಹ ಮನೆತನಗಳಿವೆ. ಕಳರಿಯಲ್ಲಿ ವಿದ್ಯೆ ಕಲಿಸುವ ಗುರುಕ್ಕಳರು ಉಳುಕಿಗೂ ಎಲುಬಿನ ಪೆಟ್ಟಿಗೂ ಚಿಕಿತ್ಸೆ ಮಾಡುತ್ತಿದ್ದರು. ನಾಟಿ ವೈದ್ಯರು ಬಿದಿರಿನ ದಬ್ಬೆಯಿಟ್ಟು ಕಟ್ಟುತ್ತಿದ್ದರು. ಇನ್ನೂ ಹಿಂದಕ್ಕೆ ಹೋದರೆ ಸುಶ್ರುತ ಸಂಹಿತೆ ಎಂಬ ಪ್ರಾಚೀನ ವೈದ್ಯ ಗ್ರಂಥ ಸಿಗುತ್ತದೆ. ಮುರಿದ ಎಲುಬನ್ನು ಎಳೆದು ಸರಿಪಡಿಸುವುದು, ಬಿದಿರು ಅಥವಾ ಮರದ ತೊಗಟೆಯ ದಬ್ಬೆಗಳನ್ನಿಟ್ಟು ಕಟ್ಟುವುದು, ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಗೂಟಗಳಿಗೆ ಕಟ್ಟುವುದು, ಇವೆಲ್ಲವೂ ಅದರಲ್ಲಿವೆ. ಎಲುಬಿಗೆ ವಿಶ್ರಾಂತಿ ಬೇಕೆಂಬುದನ್ನು ಹಿಂದಿನವರೂ ಕಂಡುಕೊಂಡಿದ್ದರು.

ಹ್ಯೂವಿನ ತಂದೆ ಇವಾನ್ ಥಾಮಸ್ ದ್ವೀಪವನ್ನು ಬಿಟ್ಟು ಲಿವರ್‌ಪೂಲ್ ನಗರಕ್ಕೆ ಬಂದು ನೆಲೆಸಿದರು. ಲಿವರ್‌ಪೂಲ್ ಇಂಗ್ಲೆಂಡಿನ ದೊಡ್ಡ ಬಂದರು. ಅಲ್ಲಿ ಹಡಗಿನಿಂದ ಮೂಟೆ ಇಳಿಸುವವರು, ಹಡಗು ಕಟ್ಟುವವರು, ಕಬ್ಬಿಣದ ಕೆಲಸದವರು ಸಾವಿರಾರು ಮಂದಿ ಇದ್ದರು. ದಿನವೂ ಯಾರಾದರೊಬ್ಬರು ಬೀಳುತ್ತಿದ್ದರು. ಕೈಕಾಲು ಮುರಿದವರು ಇವಾನರ ಮನೆಯನ್ನು ಹುಡುಕಿಕೊಂಡು ಬರುತ್ತಿದ್ದರು. ಆದರೆ ಇವಾನರು ವೈದ್ಯಕೀಯ ಕಾಲೇಜಿನಲ್ಲಿ ಓದಿದವರಲ್ಲ. ಅವರ ಕೈಯಲ್ಲಿ ವಿದ್ಯೆಯಿತ್ತು, ಕಾಗದವಿರಲಿಲ್ಲ. ಓದಿದ ವೈದ್ಯರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅನೇಕ ಬಾರಿ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಇದರಿಂದ ನೊಂದ ಇವಾನರು ಒಂದು ನಿರ್ಧಾರಕ್ಕೆ ಬಂದರು. ತನ್ನ ಮಕ್ಕಳು ಈ ಅವಮಾನವನ್ನು ಅನುಭವಿಸಬಾರದು, ಅವರು ಓದಿ ವೈದ್ಯರಾಗಬೇಕು ಎಂದು ಬಯಸಿದರು. ಅವರ ಐದು ಮಂದಿ ಗಂಡುಮಕ್ಕಳೂ ಓದಿ ವೈದ್ಯರಾದರು!

ಹ್ಯೂ ದುರ್ಬಲ ಶರೀರದ ಬಾಲಕ. ಚಿಕ್ಕಂದಿನಲ್ಲಿಯೇ ಅವನ ಒಂದು ಕಣ್ಣಿಗೆ ಪೆಟ್ಟು ಬಿದ್ದಿತ್ತು. ಆ ಕಣ್ಣನ್ನು ಮರೆಮಾಡಲು ಮುಂದೆ ಅವರು ಜೀವನವಿಡೀ ಟೋಪಿಯ ಅಂಚನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದರು. ಹ್ಯೂ ಮೊದಲು ವೈದ್ಯರಾಗಿದ್ದ ತನ್ನ ಸೋದರಮಾವನ ಬಳಿ ನಾಲ್ಕು ವರ್ಷ ಕಲಿತನು. ಬಳಿಕ ಎಡಿನ್‌ಬರೊ ಮತ್ತು ಲಂಡನ್ ನಗರಗಳಲ್ಲಿ ಓದಿ 1857ರಲ್ಲಿ ವೈದ್ಯನಾದನು. ಮನೆಯಿಂದ ಬಂದ ಕೈಚಳಕ, ಕಾಲೇಜಿನಿಂದ ಬಂದ ತಿಳುವಳಿಕೆ, ಎರಡೂ ಅವನಲ್ಲಿ ಕೂಡಿದವು.

ಲಿವರ್‌ಪೂಲಿಗೆ ಮರಳಿದ ಥಾಮಸರು ಕೆಲಕಾಲ ತಂದೆಯ ಜೊತೆ ಕೆಲಸ ಮಾಡಿದರು. ಆದರೆ ತಂದೆಮಕ್ಕಳಿಗೆ ಹೊಂದಾಣಿಕೆಯಾಗಲಿಲ್ಲ. ಆದುದರಿಂದ ಅವರು ಬೇರೆಯಾಗಿ ನೆಲ್ಸನ್ ಬೀದಿಯ 11ನೆಯ ಸಂಖ್ಯೆಯ ಮನೆಯಲ್ಲಿ ಚಿಕಿತ್ಸೆ ಆರಂಭಿಸಿದರು. ಯಾವ ದೊಡ್ಡ ಆಸ್ಪತ್ರೆಯಲ್ಲಿಯೂ ಅವರಿಗೆ ಹುದ್ದೆಯಿರಲಿಲ್ಲ. ಆ ಮನೆಯೇ ಅವರ ಆಸ್ಪತ್ರೆ. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕಪ್ಪು ಕೋಟು, ತಲೆಯ ಮೇಲೆ ಟೋಪಿ, ತೆಳ್ಳನೆಯ ಮೈ. ಈ ರೂಪದಲ್ಲಿ ಅವರು ನಸುಕಿನಲ್ಲೇ ಕುದುರೆಗಾಡಿಯಲ್ಲಿ ಹೊರಟು ರೋಗಿಗಳ ಮನೆಗಳಿಗೆ ಹೋಗುತ್ತಿದ್ದರು. ಮರಳಿ ಬರುವಾಗ ಮನೆಬಾಗಿಲಲ್ಲಿ ರೋಗಿಗಳ ಸಾಲು ಕಾದಿರುತ್ತಿತ್ತು. ಭಾನುವಾರ ಬಡವರಿಗೆ ಹಣ ಪಡೆಯದೆ ಚಿಕಿತ್ಸೆ ನೀಡುತ್ತಿದ್ದರು. ದೂರದೂರದಿಂದ ಕುಂಟುತ್ತಲೂ, ಇತರರ ಹೆಗಲೇರಿಯೂ ಜನರು ಬರುತ್ತಿದ್ದರು.

ಆ ಕಾಲದಲ್ಲಿ ಎಕ್ಸ್‌ರೇ ಇರಲಿಲ್ಲ. ಅದು ಗೊತ್ತಾದುದು 1895ರಲ್ಲಿ. ಹಾಗಾದರೆ ಒಳಗಿನ ಎಲುಬಿಗೆ ಏನಾಗಿದೆ ಎಂದು ತಿಳಿಯುವುದು ಹೇಗೆ? ಥಾಮಸರು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಒಂದು ಕಾಲನ್ನು ಇನ್ನೊಂದರೊಡನೆ ಹೋಲಿಸಿ ತಿಳಿಯುತ್ತಿದ್ದರು. ಸೊಂಟದ ಕೀಲಿನ ತೊಂದರೆಯನ್ನು ಕಂಡುಹಿಡಿಯಲು ಅವರು ಒಂದು ಸರಳ ಪರೀಕ್ಷೆಯನ್ನು ರೂಪಿಸಿದರು. ರೋಗಿಯನ್ನು ಅಂಗಾತ ಮಲಗಿಸಿ, ನೋವಿಲ್ಲದ ಕಾಲಿನ ಮಂಡಿಯನ್ನು ಎದೆಯ ಕಡೆಗೆ ಮಡಚಬೇಕು. ಆಗ ಇನ್ನೊಂದು ಕಾಲು ನೇರವಾಗಿ ಹಾಸಿಗೆಯ ಮೇಲೆ ಉಳಿದರೆ ಕೀಲು ಸರಿಯಿದೆ. ಆ ಕಾಲು ತಾನಾಗಿಯೇ ಮೇಲಕ್ಕೆ ಎದ್ದರೆ ಕೀಲಿನಲ್ಲಿ ಬಿಗಿತವಿದೆ. ಇದಕ್ಕೆ ಯಾವ ಯಂತ್ರವೂ ಬೇಡ. ಇಂದಿಗೂ ವೈದ್ಯರು ಇದನ್ನು ಥಾಮಸ್ ಪರೀಕ್ಷೆ ಎಂದೇ ಕರೆಯುತ್ತಾರೆ.

ನೆಲ್ಸನ್ ಬೀದಿಯ ಆ ಮನೆಯಲ್ಲಿ ಇನ್ನೊಂದು ವಿಶೇಷವಿತ್ತು. ಅಲ್ಲಿ ಕಮ್ಮಾರನ ಕುಲುಮೆ ಉರಿಯುತ್ತಿತ್ತು. ಚರ್ಮದ ಕೆಲಸದವರೂ ಇದ್ದರು. ವೈದ್ಯರ ಮನೆಯಲ್ಲಿ ಕಮ್ಮಾರನಿಗೆ ಏನು ಕೆಲಸ ಎಂದು ನಿಮಗೆ ಅನಿಸಬಹುದು. ಎಲುಬನ್ನು ಅಲುಗದಂತೆ ಹಿಡಿದಿಡುವ ಸಾಧನಕ್ಕೆ ಸ್ಪ್ಲಿಂಟ್ ಎನ್ನುತ್ತಾರೆ. ನಾವು ದಬ್ಬೆ ಎನ್ನುತ್ತೇವೆ. ಎಲ್ಲರ ಕಾಲೂ ಒಂದೇ ಅಳತೆಯದಲ್ಲವಷ್ಟೆ? ಆದುದರಿಂದ ಥಾಮಸರು ಒಬ್ಬೊಬ್ಬ ರೋಗಿಯ ಅಳತೆ ತೆಗೆದು, ಅವರವರಿಗೆ ಹೊಂದುವ ಸ್ಪ್ಲಿಂಟನ್ನು ಅಲ್ಲಿಯೇ ಮಾಡಿಸುತ್ತಿದ್ದರು.

ಅವುಗಳಲ್ಲಿ ಒಂದು ಲೋಕಪ್ರಸಿದ್ಧವಾಯಿತು. ಅದನ್ನು ಅವರು ಮೊದಲು ಮಾಡಿದುದು ಮಂಡಿಯ ಕೀಲಿಗೆ ಕ್ಷಯರೋಗ ತಗಲಿದ ರೋಗಿಗಳಿಗಾಗಿ. ಆಗ ಕ್ಷಯಕ್ಕೆ ಔಷಧಿಯಿರಲಿಲ್ಲ. ಅನೇಕ ವೈದ್ಯರು ಕಾಲನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಥಾಮಸರಿಗೆ ಅದು ಒಪ್ಪಿಗೆಯಾಗಲಿಲ್ಲ. ಕೀಲಿಗೆ ಪೂರ್ಣವಾದ, ನಡುವೆ ತಪ್ಪದ, ಬಹುಕಾಲದ ವಿಶ್ರಾಂತಿ ಕೊಟ್ಟರೆ ಅದು ವಾಸಿಯಾಗಬಲ್ಲುದೆಂದು ಅವರು ನಂಬಿದ್ದರು. 1875ರಲ್ಲಿ ಸೊಂಟ, ಮಂಡಿ ಮತ್ತು ಪಾದದ ಕೀಲುಗಳ ರೋಗಗಳ ಬಗೆಗೆ ಗ್ರಂಥವನ್ನು ಪ್ರಕಟಿಸಿ ತಮ್ಮ ವಿಧಾನಗಳನ್ನು ಅದರಲ್ಲಿ ವಿವರಿಸಿದರು.

ಥಾಮಸ್ ಸ್ಪ್ಲಿಂಟ್ ಹೇಗಿರುತ್ತದೆ ಗೊತ್ತೆ? ತೊಡೆಯ ಬುಡಕ್ಕೆ ಹೊಂದುವ ಒಂದು ಕಬ್ಬಿಣದ ಬಳೆ. ನೋಯದಂತೆ ಅದಕ್ಕೆ ಮೆತ್ತನೆಯ ಚರ್ಮದ ಹೊದಿಕೆ. ಬಳೆಯಿಂದ ಹೊರಟ ಎರಡು ಕಬ್ಬಿಣದ ಸರಳುಗಳು ಕಾಲಿನ ಎರಡೂ ಬದಿಗಳಲ್ಲಿ ಸಾಗಿ ಪಾದದ ಆಚೆ ಒಂದಕ್ಕೊಂದು ಸೇರುತ್ತವೆ. ಸರಳುಗಳ ನಡುವೆ ಬಟ್ಟೆಯ ಪಟ್ಟಿಗಳನ್ನು ಕಟ್ಟಿ, ತೊಟ್ಟಿಲಿನಲ್ಲಿ ಮಗುವನ್ನು ಮಲಗಿಸುವಂತೆ, ಕಾಲನ್ನು ಅದರ ಮೇಲೆ ಇರಿಸುತ್ತಾರೆ. ಪಾದವನ್ನು ಮೆಲ್ಲನೆ ಎಳೆದು ಸ್ಪ್ಲಿಂಟಿನ ತುದಿಗೆ ಕಟ್ಟುತ್ತಾರೆ. ಅಷ್ಟೆ!

ಪಾದವನ್ನು ಎಳೆದು ಕಟ್ಟುವುದೇಕೆ? ತೊಡೆಯಲ್ಲಿರುವುದು ನಮ್ಮ ದೇಹದ ಅತಿ ಉದ್ದದ ಎಲುಬು. ಅದರ ಸುತ್ತ ಬಲವಾದ ಸ್ನಾಯುಗಳಿವೆ. ಎಲುಬು ಮುರಿದೊಡನೆ ಆ ಸ್ನಾಯುಗಳು ರಬ್ಬರಿನಂತೆ ಕುಗ್ಗಿ ಎರಡೂ ತುಂಡುಗಳನ್ನು ಒಂದರ ಪಕ್ಕಕ್ಕೆ ಒಂದನ್ನು ಎಳೆದು ತರುತ್ತವೆ. ಕಾಲು ಗಿಡ್ಡವಾಗುತ್ತದೆ. ಒಳಗೆ ರಕ್ತ ಸುರಿಯುತ್ತದೆ. ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಮುರಿದ ತೊಡೆಯೊಂದರ ಒಳಗೆಯೇ ಒಂದು ಲೀಟರಿಗಿಂತ ಹೆಚ್ಚು ರಕ್ತ ಹೋಗಬಹುದು. ಹೊರಗೆ ಒಂದು ಹನಿಯೂ ಕಾಣಿಸದೆ ಇರಬಹುದು! ಕಾಲನ್ನು ಎಳೆದು ಕಟ್ಟಿದರೆ ತುಂಡುಗಳು ನೇರಕ್ಕೆ ಬರುತ್ತವೆ, ಅಲುಗುವುದಿಲ್ಲ. ನೋವೂ ರಕ್ತಸ್ರಾವವೂ ಕಡಿಮೆಯಾಗುತ್ತವೆ.

ಇಷ್ಟು ಉಪಯುಕ್ತವಾದುದನ್ನು ಲೋಕ ಕೂಡಲೇ ಸ್ವೀಕರಿಸಿತೇ? ಇಲ್ಲ. ಥಾಮಸರು ಎಲುಬು ಕೂಡಿಸುವವನ ಮಗ, ಬಡವರ ಬೀದಿಯ ವೈದ್ಯ. ದೊಡ್ಡ ವೈದ್ಯರು ಅವರ ಪುಸ್ತಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಥಾಮಸರೂ ಖಾರದ ಮಾತಿನವರು. ತಪ್ಪು ಕಂಡರೆ ಬರಹದಲ್ಲಿ ಕಟುವಾಗಿ ಖಂಡಿಸುತ್ತಿದ್ದರು. ಇದರಿಂದ ಅವರಿಗೆ ಗೆಳೆಯರಿಗಿಂತ ವಿರೋಧಿಗಳೇ ಹೆಚ್ಚಾದರು.

ಥಾಮಸರು 1864ರಲ್ಲಿ ಎಲಿಜಬೆತ್ ಎಂಬವರನ್ನು ಮದುವೆಯಾಗಿದ್ದರು. ಅವರಿಗೆ ಮಕ್ಕಳಿರಲಿಲ್ಲ. 1873ರಲ್ಲಿ ಎಲಿಜಬೆತ್ತರ ಸಂಬಂಧಿಯಾದ ಹುಡುಗನೊಬ್ಬ ಓದಲೆಂದು ಅವರ ಮನೆಗೆ ಬಂದನು. ಅವನ ಹೆಸರು ರಾಬರ್ಟ್ ಜೋನ್ಸ್, ವಯಸ್ಸು 16. ದಂಪತಿಗಳು ಅವನನ್ನು ಮಗನಂತೆ ನೋಡಿಕೊಂಡರು. ಅವನು ಮಾವನ ಜೊತೆಯಲ್ಲಿದ್ದು ಅಳತೆ ತೆಗೆಯುವುದನ್ನೂ ಕಟ್ಟು ಹಾಕುವುದನ್ನೂ ಕಲಿತು ಮುಂದೆ ತಾನೂ ವೈದ್ಯನಾದನು. ಮಾವ ಖಾರವಾದರೆ ಅಳಿಯ ಸೌಮ್ಯ. ಮಾವ ಹೇಳಿದುದನ್ನು ಕೇಳದಿದ್ದ ಲೋಕ ಅಳಿಯನ ಮಾತನ್ನು ಕೇಳಿತು.

ಆ ಕಾಲದಲ್ಲಿ ಮ್ಯಾಂಚೆಸ್ಟರ್ ನಗರಕ್ಕೆ ಹಡಗುಗಳು ಬರುವಂತೆ ಸುಮಾರು 58 ಕಿಲೋಮೀಟರ್ ಉದ್ದದ ಕಾಲುವೆಯನ್ನು ತೋಡುತ್ತಿದ್ದರು. ಸಾವಿರಾರು ಕೂಲಿಕಾರರು ದುಡಿಯುತ್ತಿದ್ದ ಅಲ್ಲಿ ಅಪಘಾತಗಳಿಗೆ ಲೆಕ್ಕವಿರಲಿಲ್ಲ. 1888ರಲ್ಲಿ ಗಾಯಾಳುಗಳ ಚಿಕಿತ್ಸೆಯ ಹೊಣೆ ರಾಬರ್ಟ್ ಜೋನ್ಸರಿಗೆ ಬಂತು. ಅವರು ಕಾಲುವೆಯ ಉದ್ದಕ್ಕೂ ಪ್ರಥಮ ಚಿಕಿತ್ಸೆಯ ಠಾಣೆಗಳನ್ನೂ ಮೂರು ಆಸ್ಪತ್ರೆಗಳನ್ನೂ ಏರ್ಪಡಿಸಿದರು. ಪೆಟ್ಟಾದ ಜಾಗದಲ್ಲಿ ಮೊದಲ ಆರೈಕೆ, ಬಳಿಕ ಆಸ್ಪತ್ರೆಗೆ ಸಾಗಣೆ. ಇಂದು ನಾವು ಕಾಣುವ ಅಪಘಾತ ಚಿಕಿತ್ಸೆಯ ವ್ಯವಸ್ಥೆಗೆ ಅದೊಂದು ಮಾದರಿಯಾಯಿತು.

1891ರ ಜನವರಿ 6ರಂದು ಥಾಮಸರು ತೀರಿಕೊಂಡರು. ಆಗ ಅವರಿಗೆ 56 ವರ್ಷ. ಅವರ ಅಂತಿಮಯಾತ್ರೆಯಲ್ಲಿ ಲಿವರ್‌ಪೂಲಿನ ಬೀದಿಗಳು ಜನರಿಂದ ತುಂಬಿದವು. ಬಂದವರಲ್ಲಿ ಹೆಚ್ಚಿನವರು ಬಡವರು, ಕೂಲಿಕಾರರು. ಅವರ ಸ್ಪ್ಲಿಂಟು ಲಕ್ಷಾಂತರ ಜನರಿಗೆ ನೆರವಾಗುವ ದಿನ ಇನ್ನೂ ಬಂದಿರಲಿಲ್ಲ.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ನಮ್ಮ ದೇಶದ ಸೈನಿಕರನ್ನೂ ಫ್ರಾನ್ಸಿನ ರಣರಂಗಕ್ಕೆ ಕರೆದೊಯ್ದಿದ್ದರು. ಗುಂಡು ತಗಲಿ ತೊಡೆಯ ಎಲುಬು ಪುಡಿಯಾದ ಸೈನಿಕರನ್ನು ಕೆಸರಿನ ಗುಂಡಿಗಳಿಂದ ಎತ್ತಿ, ಕುಲುಕುವ ಗಾಡಿಗಳಲ್ಲಿ ಸಾಗಿಸುತ್ತಿದ್ದರು. ಯುದ್ಧದ ಮೊದಲ ವರ್ಷಗಳಲ್ಲಿ ಇಂತಹ ನೂರು ಮಂದಿಯಲ್ಲಿ ಸುಮಾರು 80 ಮಂದಿ ಸಾಯುತ್ತಿದ್ದರೆಂದು ಅಂದಿನ ವೈದ್ಯರು ಅಂದಾಜು ಮಾಡಿದ್ದರು. ರಾಬರ್ಟ್ ಜೋನ್ಸರು ಮಾವನ ಸ್ಪ್ಲಿಂಟನ್ನು ನೆನಪಿಸಿಕೊಂಡರು. ಬಿದ್ದ ಜಾಗದಲ್ಲಿಯೇ ಅದನ್ನು ಕಟ್ಟಿ ಬಳಿಕ ಸಾಗಿಸಬೇಕೆಂದು ಹಠಹಿಡಿದು ಸೈನ್ಯದವರಿಗೆ ಕಲಿಸಿದರು. ಗಾಯಾಳುಗಳನ್ನು ಹೊರುವವರು ಕವಾಯತಿನಂತೆ ಅಭ್ಯಾಸ ಮಾಡಿದರು. ರಾತ್ರಿಯ ಕತ್ತಲಲ್ಲೂ ಕೈತಪ್ಪಬಾರದೆಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೂ ಅಭ್ಯಾಸ ನಡೆಸಿದರು. 1917ರಲ್ಲಿ ಫ್ರಾನ್ಸಿನ ಅರಾಸ್ ಎಂಬಲ್ಲಿ ನಡೆದ ಯುದ್ಧದಲ್ಲಿ ತೊಡೆಯ ಎಲುಬು ಮುರಿದ ಸಾವಿರಕ್ಕೂ ಹೆಚ್ಚು ಸೈನಿಕರ ಲೆಕ್ಕವಿಟ್ಟರು. ಸಾವಿನ ಪ್ರಮಾಣ ನೂರಕ್ಕೆ ಸುಮಾರು 16ಕ್ಕೆ ಇಳಿದಿತ್ತು! ಗಾಯವನ್ನು ಶುಚಿಮಾಡುವ ಶಸ್ತ್ರಚಿಕಿತ್ಸೆಯೂ ಆ ವೇಳೆಗೆ ಸುಧಾರಿಸಿತ್ತು ನಿಜ. ಆದರೆ ಆ ಶಸ್ತ್ರಚಿಕಿತ್ಸೆಯವರೆಗೆ ಗಾಯಾಳು ಜೀವಂತ ತಲಪುವಂತೆ ಮಾಡಿದುದು ಥಾಮಸ್ ಸ್ಪ್ಲಿಂಟು.

ಇಂದಿಗೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಥಾಮಸ್ ಸ್ಪ್ಲಿಂಟನ್ನು ಬಳಸುತ್ತಾರೆ. ಆದರೆ ಅದನ್ನು ಕಟ್ಟುವುದು, ಕಾಲನ್ನು ಎಳೆಯುವುದು ತರಬೇತಿ ಪಡೆದವರ ಕೆಲಸ. ಹಾಗಾದರೆ ನಿಮ್ಮ ಕೆಲಸವೇನು? ಥಾಮಸರ ಪಾಠವನ್ನು ನಾವು ನಮ್ಮ ಊರಿಗೆ ಅನ್ವಯಿಸಿ ನೋಡೋಣ.

ಗೆಳೆಯನೊಬ್ಬ ಬಿದ್ದನೆಂದು ತಿಳಿಯಿರಿ. ಮೊದಲು ದೊಡ್ಡವರನ್ನು ಕೂಗಿ ಕರೆಯಿರಿ. ಅವನನ್ನು ಎಬ್ಬಿಸಿ ನಿಲ್ಲಿಸಬೇಡಿ. ಪೆಟ್ಟಾದ ಕೈ ಅಥವಾ ಕಾಲನ್ನು ಇನ್ನೊಂದರೊಡನೆ ಹೋಲಿಸಿ ನೋಡಿರಿ. ಊದಿಕೊಂಡಿದೆಯೇ? ಡೊಂಕಾಗಿದೆಯೇ? ಗಿಡ್ಡವಾಗಿದೆಯೇ? ಅಲುಗಿಸಲು ಆಗುವುದಿಲ್ಲವೇ? ಇವುಗಳಲ್ಲಿ ಒಂದಿದ್ದರೂ ಎಲುಬು ಮುರಿದಿದೆ ಅಥವಾ ಕೀಲು ತಪ್ಪಿದೆ ಎಂದೇ ಭಾವಿಸಬೇಕು. ಎಣ್ಣೆ ಹಚ್ಚಿ ತಿಕ್ಕಬಾರದು. ಎಳೆಯಬಾರದು. ತಪ್ಪಿದ ಕೀಲನ್ನು ಕೂರಿಸಲು ಹೋಗಬಾರದು. ಗಾಯವಿದ್ದರೆ ಶುಚಿಯಾದ ಬಟ್ಟೆಯಿಂದ ಮುಚ್ಚಬೇಕು. ಎಲುಬು ಹೊರಗೆ ಕಾಣುತ್ತಿದ್ದರೆ ಅದನ್ನು ಒಳಗೆ ತಳ್ಳಬಾರದು. ಕೈಗೆ ಪೆಟ್ಟಾಗಿದ್ದರೆ ಊತ ಏರುವ ಮೊದಲೇ ಬಳೆ, ಉಂಗುರಗಳನ್ನು ತೆಗೆಯಬೇಕು.

ಬಳಿಕ ದೊಡ್ಡವರ ನೆರವಿನಿಂದ ಪೆಟ್ಟಾದ ಭಾಗವನ್ನು ಇದ್ದ ಹಾಗೆಯೇ ನಿಲ್ಲಿಸಬೇಕು. ಮಡಚಿದ ದಪ್ಪ ಪತ್ರಿಕೆ, ಬಿದಿರಿನ ದಬ್ಬೆ, ಒಣಗಿದ ಅಡಿಕೆ ಹಾಳೆಯ ತುಂಡು, ಯಾವುದಾದರೂ ಆದೀತು. ಮೆತ್ತನೆಯ ಬಟ್ಟೆಯಿಟ್ಟು, ಮುರಿದಲ್ಲಿಗಿಂತ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗದಂತೆ ಶಾಲಿನಿಂದ ಕಟ್ಟಬೇಕು. ಬಹಳ ಬಿಗಿಯಬಾರದು. ಬೆರಳುಗಳು ತಣ್ಣಗಾಗಿ ಬಿಳಿಚಿದರೆ ಅಥವಾ ಜೋಮು ಹಿಡಿದರೆ ಕಟ್ಟನ್ನು ಸಡಿಲಿಸಬೇಕು. ತಿನ್ನಲು ಕುಡಿಯಲು ಏನೂ ಕೊಡಬಾರದು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡಬೇಕಾಗಿ ಬರಬಹುದು.

ಮರದಿಂದ ಬಿದ್ದವರಿಗೆ ಕುತ್ತಿಗೆಯಲ್ಲೋ ಬೆನ್ನಿನಲ್ಲೋ ನೋವಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ, ಎಚ್ಚರ ತಪ್ಪಿದ್ದರೆ ಅವರನ್ನು ಎತ್ತಲೇಬಾರದು. ತಲೆ ಹೊರಳದಂತೆ ನೋಡಿಕೊಂಡು, ಉಸಿರಾಟವನ್ನು ಗಮನಿಸುತ್ತಾ, 108ಕ್ಕೆ ಕರೆಮಾಡಿ ಆಂಬುಲೆನ್ಸನ್ನು ಕಾಯಬೇಕು. ನಮ್ಮ ಜಿಲ್ಲೆಯಿಂದ ಹಲವು ಗಾಯಾಳುಗಳನ್ನು ಮಂಗಳೂರಿನ ಆಸ್ಪತ್ರೆಗಳಿಗೆ ಒಯ್ಯುತ್ತಾರೆ. ಕಾಸರಗೋಡು ಪಟ್ಟಣದಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರ್. ಅಷ್ಟು ದೂರದ ದಾರಿಯಲ್ಲಿ ಕಟ್ಟು ಹಾಕಿದ ಕಾಲಿಗೂ ಹಾಗೆಯೇ ತೂಗಾಡುವ ಕಾಲಿಗೂ ಎಷ್ಟು ವ್ಯತ್ಯಾಸವೆಂಬುದನ್ನು ನೀವೇ ಯೋಚಿಸಿರಿ.

ಮಕ್ಕಳೇ, ಥಾಮಸರ ಬಳಿ ದೊಡ್ಡ ಹುದ್ದೆಯಿರಲಿಲ್ಲ, ಎಕ್ಸ್‌ರೇ ಇರಲಿಲ್ಲ. ನೋಡುವ ಕಣ್ಣು, ತಿಳಿದ ಕೈ, ಒಂದು ಕುಲುಮೆ ಇದ್ದುವು. ಅವಸರದಲ್ಲಿ ಎತ್ತಿ ಓಡುವ ಮೊದಲು ಒಂದು ಕ್ಷಣ ನಿಂತು ನೋಡುವುದನ್ನೂ ಪೆಟ್ಟಾದುದನ್ನು ಅಲುಗದಂತೆ ಹಿಡಿಯುವುದನ್ನೂ ನೀವು ಕಲಿತರೆ ಒಬ್ಬರ ಕಾಲು, ಕೆಲವೊಮ್ಮೆ ಜೀವವೇ, ಉಳಿದೀತು.

ಚಟುವಟಿಕೆಗಳು

1. ಇವಾನ್ ಥಾಮಸರು ತಮ್ಮ ಮಕ್ಕಳನ್ನು ವೈದ್ಯರನ್ನಾಗಿ ಮಾಡಲು ಬಯಸಿದುದೇಕೆ?
2. ಥಾಮಸರ ಮನೆಯಲ್ಲಿ ಕಮ್ಮಾರನ ಕುಲುಮೆ ಇದ್ದುದರಿಂದ ರೋಗಿಗಳಿಗೆ ಏನು ಪ್ರಯೋಜನವಾಯಿತು?
3. ತೊಡೆಯ ಎಲುಬು ಮುರಿದಾಗ ಹೊರಗೆ ರಕ್ತ ಕಾಣಿಸದಿದ್ದರೂ ಅಪಾಯವಿದೆ. ಹೇಗೆ?
4. ಮಾವ ಮತ್ತು ಅಳಿಯನ ಸ್ವಭಾವವನ್ನು ಹೋಲಿಸಿ ಐದು ವಾಕ್ಯ ಬರೆಯಿರಿ.
5. ಅಧ್ಯಾಪಕರ ನೆರವಿನಿಂದ, ಪತ್ರಿಕೆ ಮತ್ತು ಶಾಲನ್ನು ಬಳಸಿ ಗೆಳೆಯನ ಮುಂಗೈಗೆ ಕಟ್ಟು ಹಾಕುವ ಅಭ್ಯಾಸ ಮಾಡಿರಿ.
6. ಪೆಟ್ಟಾದಾಗ ಮಾಡಬೇಕಾದುವು, ಮಾಡಬಾರದುವು ಎಂದು ಎರಡು ಪಟ್ಟಿ ತಯಾರಿಸಿ ತರಗತಿಯ ಗೋಡೆಯಲ್ಲಿ ಪ್ರದರ್ಶಿಸಿರಿ.